ಮನೆಯ ಹಿರಿಯರನ್ನು ಎಲ್ಲಿಗೆ ಕರೆದುಕೊಂಡು ಹೋಗೋದು? ದಾವಣಗೆರೆ ಕಡೆಯವರಿಗೆ ಒಂದು ಹೋಲಿಕೆ

ದಾವಣಗೆರೆಯಲ್ಲಿ ಆಸ್ಪತ್ರೆಗೆ ಬರವಿಲ್ಲ. 1965ರಲ್ಲಿ ಶುರುವಾದ ಜೆಜೆಎಂ ಮೆಡಿಕಲ್ ಕಾಲೇಜು ಇದೆ, ಅದರ ಜೊತೆಗೆ ಬಾಪೂಜಿ ಆಸ್ಪತ್ರೆ ಇದೆ. ಊರವರ ಬಾಯಲ್ಲಿ ‘ಹೈಟೆಕ್’ ಆಗಿರುವ ಎಸ್‌ಎಸ್ ಆಸ್ಪತ್ರೆ ಇದೆ. ಸರ್ಕಾರದ್ದು ಚಿಗಟೇರಿ ಜಿಲ್ಲಾಸ್ಪತ್ರೆ. ಇವುಗಳ ನಡುವೆ ನರ್ಸಿಂಗ್ ಹೋಮ್‌ಗಳು ಬೇಕಾದಷ್ಟು. ಜಗಳೂರು, ಚನ್ನಗಿರಿ, ಹರಪನಹಳ್ಳಿ, ಹೊಳಲ್ಕೆರೆಯಿಂದ ಜನ ಬಸ್ಸು ಹತ್ತಿ ಇಲ್ಲಿಗೇ ಬರುತ್ತಾರೆ. ಆದರೂ ಮನೆಯಲ್ಲಿ ಎಪ್ಪತ್ತೈದು ದಾಟಿದ ಅವ್ವ ಇದ್ದರೆ ತಲೆಬಿಸಿ ತಪ್ಪುವುದಿಲ್ಲ. ಬೆಂಗಳೂರಿನ ಮಗ ಫೋನ್ ಮಾಡಿ “ಇಲ್ಲಿಗೇ ಕರ್ಕೊಂಡು ಬನ್ನಿ, ದೊಡ್ಡ ಆಸ್ಪತ್ರೆಗೆ ತೋರಿಸೋಣ” ಅನ್ನುತ್ತಾನೆ. ಇಲ್ಲಿರುವ ಮಗಳು “ಸುಮ್ನೆ ಯಾಕೆ ಅಲ್ಲಿತನಕ, ನಮ್ಮ ಡಾಕ್ಟ್ರು ಸಾಕಲ್ವಾ?” ಅನ್ನುತ್ತಾಳೆ. ಇಬ್ಬರದ್ದೂ ಒಂದೊಂದು ಸಂದರ್ಭಕ್ಕೆ ಸರಿ.

“ಯಾವ ಆಸ್ಪತ್ರೆ ಚೆನ್ನಾಗಿದೆ?” ಅಂತ ಕೇಳಿದರೆ ಹತ್ತು ಜನ ಹತ್ತು ಹೆಸರು ಹೇಳುತ್ತಾರೆ. “ಯಾವುದಕ್ಕೆ?” ಅಂತ ಸೇರಿಸಿ ಕೇಳಿ. ಲಕ್ವ ಹೊಡೆದಾಗ ಬೇಕಾದ ಆಸ್ಪತ್ರೆಯೇ ಬೇರೆ, ತಿಂಗಳು ತಿಂಗಳು ಶುಗರ್ ನೋಡಿಸಲು ಬೇಕಾದ ಡಾಕ್ಟರೇ ಬೇರೆ. ಹಿರಿಯರ ವಿಷಯದಲ್ಲಿ ಕಟ್ಟಡ ಎಷ್ಟು ದೊಡ್ಡದು ಅನ್ನುವುದಕ್ಕಿಂತ, ಅವರನ್ನು ಪೂರ್ತಿಯಾಗಿ ನೋಡುವವರು ಒಬ್ಬರು ಇದ್ದಾರಾ ಅನ್ನುವುದು ಮುಖ್ಯ. ಬಿಪಿಗೆ ಒಬ್ಬರು, ಮಂಡಿಗೆ ಒಬ್ಬರು, ನಿದ್ದೆಗೆ ಒಬ್ಬರು ಅಂತ ಹಂಚಿಹೋದರೆ ಅವ್ವನನ್ನು ನೋಡುವವರೇ ಇರುವುದಿಲ್ಲ.

ಎಲ್ಲಿಗೂ ಹೋಗುವ ಮೊದಲು

ಅಮೆರಿಕದ ಆಸ್ಪತ್ರೆಗಳಲ್ಲಿ 2017ರಿಂದ ಈಚೆಗೆ ಒಂದು ಕ್ರಮ ಹಬ್ಬಿದೆ. ಹಿರಿಯರು ಯಾವ ಕಾಯಿಲೆಗೆ ಬಂದರೂ ನಾಲ್ಕು ವಿಷಯ ನೋಡಲೇಬೇಕು: ಅವರಿಗೆ ಏನು ಮುಖ್ಯ, ಯಾವ ಯಾವ ಔಷಧಿ ನುಂಗುತ್ತಿದ್ದಾರೆ, ಮನಸ್ಸು ಮತ್ತು ನೆನಪು ಹೇಗಿದೆ, ನಡಿಗೆ ಹೇಗಿದೆ. ಇದಕ್ಕೆ ಯಾವ ಮಷೀನೂ ಬೇಡ. ಅರ್ಧದಷ್ಟನ್ನು ನೀವು ಮನೆಯಲ್ಲೇ ಮಾಡಬಹುದು.

ಕೈ ಇರುವ ಕುರ್ಚಿಯಲ್ಲಿ ಕೂರಿಸಿ. ಎದ್ದು, ಮೂರು ಮೀಟರ್ ಮಾಮೂಲಿ ವೇಗದಲ್ಲಿ ನಡೆದು, ತಿರುಗಿ ಬಂದು ಕೂರಲಿ. ಮೊಬೈಲಿನಲ್ಲಿ ಸಮಯ ನೋಡಿ. 12 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಆದರೆ ಬೀಳುವ ಅಪಾಯ ಇದೆ ಅಂತ ಲೆಕ್ಕ. ಇನ್ನೊಂದು, ಐದು ನಿಮಿಷ ಮಲಗಿಸಿ ಬಿಪಿ ನೋಡಿ. ನಿಲ್ಲಿಸಿ ಒಂದು ನಿಮಿಷಕ್ಕೆ, ಮೂರು ನಿಮಿಷಕ್ಕೆ ಮತ್ತೆ ನೋಡಿ. ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಹೆಚ್ಚು ಇಳಿದರೆ “ಎದ್ದ ಕೂಡಲೇ ತಲೆ ತಿರುಗುತ್ತೆ” ಅನ್ನುವ ಅವರ ದೂರಿಗೆ ಕಾರಣ ಸಿಕ್ಕಿತು. ಎಷ್ಟೋ ಸಲ ಇದಕ್ಕೆ ಕಾರಣ ಬಿಪಿ ಮಾತ್ರೆಯೇ ಆಗಿರುತ್ತದೆ, ಅಥವಾ ರಾತ್ರಿ ಮೂತ್ರಕ್ಕೆ ಏಳಬಾರದು ಅಂತ ಅಜ್ಜ ನೀರು ಕುಡಿಯುವುದನ್ನೇ ಬಿಟ್ಟಿರುತ್ತಾರೆ.

ಆಮೇಲೆ ಔಷಧಿ. ಮನೆಯಲ್ಲಿರುವ ಎಲ್ಲಾ ಸ್ಟ್ರಿಪ್, ಸಿರಪ್, ಆಯುರ್ವೇದದ ಡಬ್ಬಿ, ಮೆಡಿಕಲ್ ಶಾಪಿನಿಂದ ಚೀಟಿ ಇಲ್ಲದೆ ತಂದ ನೋವಿನ ಗುಳಿಗೆ, ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿ ಡಾಕ್ಟರ ಮೇಜಿನ ಮೇಲೆ ಸುರಿಯಿರಿ. ಐದು ದಾಟಿದರೆ “ಇದರಲ್ಲಿ ಯಾವುದನ್ನು ನಿಲ್ಲಿಸಬಹುದು?” ಅಂತ ಬಾಯಿಬಿಟ್ಟು ಕೇಳಿ. ಹಿರಿಯರಿಗೆ ಯಾವ ಔಷಧಿ ಕೊಡಬಾರದು ಅಂತ 1991ರಲ್ಲೇ ಮಾರ್ಕ್ ಬಿಯರ್ಸ್ ಎಂಬ ವೈದ್ಯರ ಹೆಸರಿನಲ್ಲಿ ಒಂದು ಪಟ್ಟಿ ಬಂತು. ಅದು ಈಗಲೂ ಪರಿಷ್ಕರಣೆ ಆಗುತ್ತಾ ಬಂದಿದೆ. ಅದರಲ್ಲಿರುವ ಕೆಲವು ನಮ್ಮ ಮನೆಗಳಲ್ಲಿ ತೀರಾ ಮಾಮೂಲಿ. ನಿದ್ದೆ ಮಾತ್ರೆ, ನೆಗಡಿಗೆ ಕೊಡುವ ಹಳೆಯ ಸಿಪಿಎಂ ಮಾತ್ರೆ, ಶುಗರ್ ತೀರಾ ಕೆಳಗಿಳಿಸಿಬಿಡುವ ಗ್ಲಿಬೆನ್‌ಕ್ಲಮೈಡ್, ನೋವಿಗೆ ಅಂತ ದಿನಾ ನುಂಗುವ ಡೈಕ್ಲೋಫೆನಾಕ್. ಆದರೆ ನೀವೇ ನಿಲ್ಲಿಸಬೇಡಿ. ವರ್ಷಗಟ್ಟಲೆ ತಗೊಂಡ ನಿದ್ದೆ ಮಾತ್ರೆಯನ್ನು ಒಂದೇ ದಿನ ಬಿಡಿಸಿದರೆ ಬೇರೆ ತೊಂದರೆ ಶುರುವಾಗುತ್ತದೆ. ನಿಧಾನವಾಗಿ ಇಳಿಸಬೇಕು, ಅದು ಡಾಕ್ಟರ ಕೆಲಸ.

ಈ ಚೀಲವನ್ನು ನೋಡಲು ಬೇಸರ ಮಾಡಿಕೊಳ್ಳದ ಡಾಕ್ಟರ್ ಸಿಕ್ಕರೆ ಬಿಡಬೇಡಿ. ಅವರ ಕ್ಲಿನಿಕ್ಕಿನಲ್ಲಿ ಎಸಿ ಇಲ್ಲದಿದ್ದರೂ ಪರವಾಗಿಲ್ಲ.

ತಿಂಗಳು ತಿಂಗಳ ಕಾಯಿಲೆಗೆ

ಬಿಪಿ, ಶುಗರ್, ಥೈರಾಯ್ಡ್, ಮಂಡಿನೋವು. ಇಲ್ಲಿ ನನ್ನ ಮತ ಬಡಾವಣೆಯ ಪರಿಚಯದ ಡಾಕ್ಟರಿಗೆ, ಅದರಲ್ಲೂ ಜನರಲ್ ಮೆಡಿಸಿನ್ ಎಂಡಿ ಆದವರಿಗೆ. ವಿದ್ಯಾನಗರದ ಅವ್ವ ಆಟೋದಲ್ಲಿ ಹತ್ತು ನಿಮಿಷದಲ್ಲಿ ಹೋಗಿ ಬರುವ ಜಾಗವಾದರೆ ತಪ್ಪದೆ ಹೋಗುತ್ತಾರೆ. ದೂರ ಆದರೆ “ಮುಂದಿನ ತಿಂಗಳು ನೋಡೋಣ” ಶುರುವಾಗುತ್ತದೆ.

ದುಡ್ಡಿನ ತೊಂದರೆ ಇದ್ದರೆ ಹತ್ತಿರದ, ಸರ್ಕಾರ ನಡೆಸುವ ‘ನಮ್ಮ ಕ್ಲಿನಿಕ್’ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರ. ಬಿಪಿ, ಶುಗರ್ ಮಾತ್ರೆ ಉಚಿತ. ಹಳ್ಳಿಯಲ್ಲಿದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿ. ಗೃಹ ಆರೋಗ್ಯ ಯೋಜನೆಯಲ್ಲಿ ಮನೆ ಬಾಗಿಲಿಗೇ ಬಂದು ತಪಾಸಣೆ ಮಾಡಿ ಮಾತ್ರೆ ಕೊಡುವ ವ್ಯವಸ್ಥೆ ಇದೆ. ಮಿತಿಯೂ ಇದೆ: ಉಚಿತ ಮಾತ್ರೆ ಒಂದು ತಿಂಗಳು ಈ ಕಂಪನಿಯದು, ಮುಂದಿನ ತಿಂಗಳು ಬೇರೆ ಕಂಪನಿಯದು. ಬಣ್ಣ ಬದಲಾದರೆ ಹಿರಿಯರು ಬೇರೆ ಮಾತ್ರೆ ಅಂದುಕೊಂಡು ಹಳೆಯದನ್ನೂ ಹೊಸದನ್ನೂ ಎರಡೂ ನುಂಗುತ್ತಾರೆ. ಹಳೆಯ ಸ್ಟ್ರಿಪ್ ಎತ್ತಿಡಿ.

ಚಿಗಟೇರಿ ಆಸ್ಪತ್ರೆಯಲ್ಲಿ ತಜ್ಞರು ಹಲವರು ಒಂದೇ ಕಡೆ ಸಿಗುತ್ತಾರೆ. ಜೆಜೆಎಂ ಕಾಲೇಜಿನ ಕಲಿಕೆಗೂ ಅದೇ ಆಸ್ಪತ್ರೆ. ಸಾಲು ಮಾತ್ರ ಉದ್ದ. 2007ರ ಹಿರಿಯ ನಾಗರಿಕರ ಕಾಯ್ದೆ ಆಸ್ಪತ್ರೆಯಲ್ಲಿ ಹಿರಿಯರಿಗೆ ಬೇರೆ ಸಾಲು ಇರಬೇಕು ಅನ್ನುತ್ತದೆ. 2010ರ ಹೊತ್ತಿಗೆ ಶುರುವಾದ ಕೇಂದ್ರದ ಹಿರಿಯರ ಆರೋಗ್ಯ ಕಾರ್ಯಕ್ರಮ ಜಿಲ್ಲಾಸ್ಪತ್ರೆಯಲ್ಲಿ ಹಿರಿಯರಿಗೆ ಹೊರರೋಗಿ ವಿಭಾಗ, ಹತ್ತು ಹಾಸಿಗೆಯ ವಾರ್ಡ್ ಬೇಕು ಅನ್ನುತ್ತದೆ. ಚೀಟಿ ಮಾಡಿಸುವಾಗ “ಹಿರಿಯ ನಾಗರಿಕರ ಕೌಂಟರ್ ಯಾವುದು?” ಅಂತ ಗಟ್ಟಿಯಾಗಿ ಕೇಳಿ. ಕೇಳದಿದ್ದರೆ ಯಾರೂ ತೋರಿಸುವುದಿಲ್ಲ. ಚಿತ್ರದುರ್ಗದವರಿಗೂ ಇದೇ ಮಾತು ಅನ್ವಯ. ಅಲ್ಲಿ ಜಿಲ್ಲಾಸ್ಪತ್ರೆ, ಬಸವೇಶ್ವರ ಮೆಡಿಕಲ್ ಕಾಲೇಜು ಎರಡೂ ಇವೆ. ದಿನನಿತ್ಯದ ಕಾಯಿಲೆಗೆ ಅಲ್ಲಿಂದ 60 ಕಿಲೋಮೀಟರ್ ದಾವಣಗೆರೆಗೆ ಬರುವ ಅಗತ್ಯ ಕಾಣುವುದಿಲ್ಲ.

ಮೆಡಿಕಲ್ ಕಾಲೇಜಿನ ಒಪಿಡಿಯದ್ದು ಒಂದೇ ತಕರಾರು. ಪ್ರತಿ ಸಲ ಬೇರೆ ಕಿರಿಯ ಡಾಕ್ಟರ್ ಸಿಗುತ್ತಾರೆ, ಅಜ್ಜ ಪ್ರತಿ ಸಲ ಮೊದಲಿಂದ ಕಥೆ ಹೇಳಬೇಕು. ಯಾವ ಯೂನಿಟ್ (ಡಾಕ್ಟರ ತಂಡ), ಅವರ ಒಪಿಡಿ ದಿನ ಯಾವುದು ಅಂತ ಬರೆದಿಟ್ಟುಕೊಂಡು ಅದೇ ದಿನ ಹೋದರೆ ಈ ಕಷ್ಟ ಅರ್ಧ ಕಡಿಮೆ.

ತುರ್ತಿನಲ್ಲಿ ಬೆಂಗಳೂರಿನ ಮಾತು ಬೇಡ

ದಾವಣಗೆರೆಯಿಂದ ಬೆಂಗಳೂರು ಸುಮಾರು 260 ಕಿಲೋಮೀಟರ್. ಎಷ್ಟೇ ಜೋರಾಗಿ ಹೋದರೂ ನಾಲ್ಕು ಗಂಟೆ ಮೇಲೆ. ಲಕ್ವಕ್ಕೆ ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಕೊಡಲು ಇರುವ ಸಮಯ ನಾಲ್ಕೂವರೆ ಗಂಟೆ. ಅದಕ್ಕೂ ಮೊದಲು ಸಿಟಿ ಸ್ಕ್ಯಾನ್ ಆಗಬೇಕು. ಲೆಕ್ಕ ನೀವೇ ಹಾಕಿ. ಮುಖ ಸೊಟ್ಟಗಾದರೆ, ಒಂದು ಕೈ ಎತ್ತಲು ಆಗದಿದ್ದರೆ, ಮಾತು ತೊದಲಿದರೆ, ಸಿಟಿ ಸ್ಕ್ಯಾನ್ ಮತ್ತು ಆ ಇಂಜೆಕ್ಷನ್ ಎರಡೂ ಇರುವ ಹತ್ತಿರದ ಆಸ್ಪತ್ರೆಗೆ ಹೋಗಿ. ಅಲ್ಲಿಂದ ಮುಂದೆ ಕಳಿಸಬೇಕಾದರೆ ಅವರೇ ಕಳಿಸುತ್ತಾರೆ. ಶುರುವಾದ ಸಮಯವನ್ನು ಗಡಿಯಾರ ನೋಡಿ ಹೇಳಿ, ಇಂಜೆಕ್ಷನ್ ಕೊಡುವ ತೀರ್ಮಾನ ಅದರ ಮೇಲೇ ನಿಂತಿದೆ.

ನಮ್ಮ ಕಡೆ ಲಕ್ವ ಅಂದ ಕೂಡಲೇ ನಾಟಿ ಔಷಧಿ ಕೊಡುವವರ ಊರಿಗೆ ಗಾಡಿ ತಿರುಗಿಸುವವರು ಇನ್ನೂ ಇದ್ದಾರೆ. ಹೋಗಲೇಬೇಕು ಅನ್ನಿಸಿದರೆ ಡಿಸ್ಚಾರ್ಜ್ ಆದ ಮೇಲೆ ಡಾಕ್ಟರಿಗೆ ಹೇಳಿ ಹೋಗಿ. ಮೊದಲ ನಾಲ್ಕೂವರೆ ಗಂಟೆಯನ್ನು ಅದಕ್ಕೆ ಕೊಡಬೇಡಿ.

ಎದೆನೋವೂ ಹಾಗೆಯೇ. ಹಿರಿಯರಲ್ಲಿ, ಅದರಲ್ಲೂ ಶುಗರ್ ಇರುವವರಲ್ಲಿ, ಎದೆನೋವೇ ಇಲ್ಲದೆ ಬರೀ ಸುಸ್ತು, ಬೆವರು, ಉಸಿರುಕಟ್ಟುವುದು ಕಾಣಬಹುದು. “ಗ್ಯಾಸು” ಅಂತ ಸೋಡಾ ಕುಡಿಸಿ ಕೂರಬೇಡಿ. ರಾಜ್ಯ ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಈಚಿನ ನಿಜವಾದ ಹೊಸತು ಅಂತ ನನಗೆ ಅನ್ನಿಸುತ್ತದೆ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ಹೃದಯ ತಜ್ಞರು ನೋಡುತ್ತಾರೆ, ಬೇಕಾದರೆ ಹೆಪ್ಪು ಕರಗಿಸುವ ದುಬಾರಿಯ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತ. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಇದು ನಡೆಯುತ್ತಿದೆಯಾ ಅಂತ ಆರೋಗ್ಯ ಸರಿ ಇರುವಾಗಲೇ ಹೋಗಿ ಕೇಳಿ ಬನ್ನಿ.

ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದರೆ? ಆಪರೇಷನ್ ಒಂದೆರಡು ದಿನದೊಳಗೆ ಆದಷ್ಟೂ ಒಳ್ಳೆಯದು. ದಾವಣಗೆರೆಯಲ್ಲಿ ನಾಳೆ ಆಗುವ ಆಪರೇಷನ್ನು, ಬೆಂಗಳೂರಿನಲ್ಲಿ ಹಾಸಿಗೆ ಹುಡುಕಿ ನಾಲ್ಕನೇ ದಿನ ಆಗುವ ಆಪರೇಷನ್ನಿಗಿಂತ ಮೇಲು. “ಈ ವಯಸ್ಸಲ್ಲಿ ಆಪರೇಷನ್ ಯಾಕೆ” ಅಂತ ಮಲಗಿಸಿಬಿಡುವುದು ಎಲ್ಲಕ್ಕಿಂತ ಅಪಾಯ. ಹಾಸಿಗೆ ಹುಣ್ಣು, ಕಫ ಕಟ್ಟಿ ನ್ಯುಮೋನಿಯಾ, ಕಾಲಲ್ಲಿ ರಕ್ತ ಹೆಪ್ಪುಗಟ್ಟುವುದು, ಎಲ್ಲವೂ ಬರುವುದು ಹಾಸಿಗೆಯಿಂದಲೇ.

ಅಡ್ಮಿಟ್ ಮಾಡುವಾಗ ನೋಡಬೇಕಾದ್ದು

ಆಸ್ಪತ್ರೆ ಸೇರಿದ ಎರಡನೇ ರಾತ್ರಿ ಅಜ್ಜ ಇದ್ದಕ್ಕಿದ್ದಂತೆ ಏನೇನೋ ಮಾತಾಡುತ್ತಾರೆ. ಡ್ರಿಪ್ ಕಿತ್ತು ಹಾಕುತ್ತಾರೆ, ಸತ್ತುಹೋದ ಅಣ್ಣನನ್ನು ಕರೆಯುತ್ತಾರೆ. ಮನೆಯವರಿಗೆ ಗಾಬರಿ, ತಲೆ ಕೆಟ್ಟಿತಾ ಅಂತ. ಇದಕ್ಕೆ ಡೆಲಿರಿಯಂ ಅನ್ನುತ್ತಾರೆ. ಸೋಂಕು, ನೀರಿನ ಕೊರತೆ, ನಿದ್ದೆಗೇಡು, ಹೊಸ ಔಷಧಿ, ಮಲಬದ್ಧತೆ, ಯಾವುದರಿಂದಲಾದರೂ ಬರಬಹುದು. ಕಾರಣ ಹುಡುಕಿದರೆ ಬಹಳಷ್ಟು ಜನ ಸುಧಾರಿಸುತ್ತಾರೆ.

ತಡೆಯುವ ದಾರಿಯೂ ಇದೆ. ಯೇಲ್ ವಿಶ್ವವಿದ್ಯಾಲಯದಲ್ಲಿ ಶರೋನ್ ಇನೌಯೆ ಮತ್ತು ಜೊತೆಗಾರರು 1999ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅವರು ಮಾಡಿದ್ದು ಇಷ್ಟೇ: ಕನ್ನಡಕ ಹಾಕಿಸಿದರು, ಕಿವಿ ಮಷೀನ್ ಕೊಟ್ಟರು, ಆಗಾಗ ನೀರು ಕುಡಿಸಿದರು, ದಿನಾ ಎಬ್ಬಿಸಿ ನಡೆಸಿದರು, ಇವತ್ತು ಯಾವ ವಾರ ಅಂತ ಮಾತಾಡಿಸಿದರು, ರಾತ್ರಿ ಸದ್ದು ಕಡಿಮೆ ಮಾಡಿದರು. ನೂರಕ್ಕೆ 15 ಜನರಿಗೆ ಬರುತ್ತಿದ್ದ ಡೆಲಿರಿಯಂ ಸುಮಾರು 10ಕ್ಕೆ ಇಳಿಯಿತು. ಅಲ್ಲಿ ಇದಕ್ಕೆ ಸ್ವಯಂಸೇವಕರಿಗೆ ತರಬೇತಿ ಕೊಟ್ಟರು. ನಮ್ಮ ವಾರ್ಡಿನಲ್ಲಿ ಹಾಸಿಗೆ ಪಕ್ಕ ಚಾಪೆ ಹಾಸಿಕೊಂಡು ಸೊಸೆಯೋ ಮೊಮ್ಮಗನೋ ಮೊದಲಿಂದಲೂ ಇರುತ್ತಾರೆ. ಈ ಒಂದು ವಿಷಯದಲ್ಲಿ ನಮ್ಮ ಗಿಜಿಗುಡುವ ಜನರಲ್ ವಾರ್ಡು, ಬಾಗಿಲು ಮುಚ್ಚಿ ದಿನಕ್ಕೆ ಎರಡು ಸಲ ಗಾಜಿನಾಚೆಯಿಂದ ತೋರಿಸುವ ದುಬಾರಿ ಐಸಿಯುಗಿಂತ ಮುಂದಿದೆ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ.

ಹಾಗಾಗಿ ಎರಡು ಆಸ್ಪತ್ರೆಗಳಲ್ಲಿ ಒಂದನ್ನು ಆರಿಸುವಾಗ ಕೇಳಿ: ರಾತ್ರಿ ಮನೆಯವರೊಬ್ಬರು ಹಾಸಿಗೆ ಪಕ್ಕ ಇರಬಹುದಾ? ಫಿಸಿಯೋಥೆರಪಿಯವರು ಆಪರೇಷನ್ನಿನ ಮರುದಿನವೇ ಬಂದು ಎಬ್ಬಿಸುತ್ತಾರಾ? ಶೌಚಾಲಯದಲ್ಲಿ ಕಮೋಡ್ ಇದೆಯಾ, ಹಿಡಿಕೆ ಇದೆಯಾ? ಮೂತ್ರದ ನಳಿಕೆಯನ್ನು ಬೇಡವಾದ ಕೂಡಲೇ ತೆಗೆಯುತ್ತಾರಾ? ಎಂಆರ್‌ಐ ಮಷೀನ್ ಎಷ್ಟು ಟೆಸ್ಲಾ ಶಕ್ತಿಯದ್ದು ಅಂತ ಕೇಳುವುದಕ್ಕಿಂತ ಇವು ಉಪಯೋಗದ ಪ್ರಶ್ನೆಗಳು. ಆರೋಗ್ಯವಾಗಿರುವ ಹಿರಿಯರೇ ಹತ್ತು ದಿನ ಪೂರ್ತಿ ಹಾಸಿಗೆಯಲ್ಲಿ ಮಲಗಿದರೆ ಕಾಲಿನ ಮಾಂಸಖಂಡ ಸುಮಾರು ಒಂದು ಕಿಲೋ ಕರಗುತ್ತದೆ ಅಂತ ಕಂಡುಕೊಂಡಿದ್ದಾರೆ. ನಡೆದುಕೊಂಡು ಬಂದವರು ಗಾಲಿಕುರ್ಚಿಯಲ್ಲಿ ಮನೆಗೆ ಹೋಗುವುದಕ್ಕೆ ಎಷ್ಟೋ ಸಲ ಕಾಯಿಲೆಗಿಂತ ಇದೇ ಕಾರಣ.

ಕಣ್ಣು, ಮಂಡಿ, ಮರೆವು

ಕಣ್ಣಿನ ಪೊರೆಗೆ ಬೆಂಗಳೂರು ಬೇಡ. ಇಲ್ಲಿ ಮಾಮೂಲಿ ಆಪರೇಷನ್, ಸರ್ಕಾರದಲ್ಲಿ ಉಚಿತವೂ ಆಗುತ್ತದೆ. ಮಾಡಿಸದೆ ಮುಂದೂಡಿದರೆ ಬೀಳುವುದು ಜಾಸ್ತಿ.

ಮಂಡಿ ಬದಲಿಸುವ ಆಪರೇಷನ್ನಿಗೆ ಅವಸರವಿಲ್ಲ, ಎರಡು ಕಡೆ ಕೇಳಬಹುದು. ಮಗನ ಮನೆ ಬೆಂಗಳೂರಿನಲ್ಲಿದ್ದು, ಲಿಫ್ಟ್ ಇದ್ದು, ಆರು ವಾರ ಹಗಲು ಹೊತ್ತು ಯಾರಾದರೂ ಜೊತೆಗಿದ್ದರೆ ಅಲ್ಲಿ ಮಾಡಿಸಿ. ಮಗ ಸೊಸೆ ಇಬ್ಬರೂ ಬೆಳಿಗ್ಗೆ ಎಂಟಕ್ಕೆ ಕೆಲಸಕ್ಕೆ ಹೋಗುವವರಾದರೆ ದಾವಣಗೆರೆಯೇ ಸರಿ. ಇಲ್ಲಿ ಅಕ್ಕಪಕ್ಕದವರು ಬಂದು ಮಾತಾಡಿಸುತ್ತಾರೆ, ಫಿಸಿಯೋದವರು ಸ್ಕೂಟರಿನಲ್ಲಿ ಮನೆಗೇ ಬರುತ್ತಾರೆ.

ಮರೆವಿನ ವಿಷಯ ಬೇರೆ. “ವಯಸ್ಸಾಯ್ತು, ಅರಳು ಮರಳು” ಅಂತ ಬಿಟ್ಟುಬಿಡುವುದು ನಮ್ಮ ಅಭ್ಯಾಸ. ಬಿ12 ಕೊರತೆ, ಥೈರಾಯ್ಡ್, ಖಿನ್ನತೆ, ಮೇಲೆ ಹೇಳಿದ ಕೆಲವು ಮಾತ್ರೆಗಳು, ಕಿವಿ ಕೇಳದಿರುವುದು, ಇವೂ ಮರೆವಿನ ಹಾಗೇ ಕಾಣುತ್ತವೆ. ಇವನ್ನೆಲ್ಲಾ ದಾವಣಗೆರೆಯಲ್ಲೇ ಪರೀಕ್ಷಿಸಬಹುದು. ಅದಾದ ಮೇಲೂ ಅನುಮಾನ ಉಳಿದರೆ, ಒಂದು ಸಲ ಬೆಂಗಳೂರಿನ ಮೆದುಳು, ಮನಸ್ಸಿನ ಆಸ್ಪತ್ರೆ ನಿಮ್ಹಾನ್ಸ್‌ಗೆ ಹೋಗಿ ಬರುವುದು ಸಾರ್ಥಕ. ಬೆಂಗಳೂರಿಗೆ ಹೋಗಲು ನಾನು ಒಪ್ಪುವ ಕೆಲವೇ ಕಾರಣಗಳಲ್ಲಿ ಇದೂ ಒಂದು. ಆಮೇಲಿನ ಔಷಧಿ, ತಪಾಸಣೆ ಇಲ್ಲಿಯ ಡಾಕ್ಟರ ಹತ್ತಿರವೇ ಆಗಲಿ. ನೋಡಿಕೊಳ್ಳುವ ಸೊಸೆಗೋ ಮಗಳಿಗೋ ಮನಸ್ಸು ಭಾರವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಹೋಮ್ ನರ್ಸಾ, ವೃದ್ಧಾಶ್ರಮವಾ, ನಾವೇ ನೋಡಿಕೊಳ್ಳೋದಾ?

“ನಾವೇ ನೋಡ್ಕೋತೀವಿ” ಅಂದಾಗ ನಿಜವಾಗಿ ನೋಡಿಕೊಳ್ಳುವುದು ಮನೆಯ ಒಬ್ಬ ಹೆಂಗಸು. ಅವರನ್ನು ಕೇಳಿ ಮಾತಾಡಿ. ಹಿರಿಯರು ಎದ್ದು ಓಡಾಡುವಂತಿದ್ದರೆ ಮನೆಯೇ ಸರಿ, ಅದರಲ್ಲಿ ಎರಡು ಮಾತಿಲ್ಲ. ಪೂರ್ತಿ ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಡೈಪರ್ ಬದಲಿಸಬೇಕು, ಕೂರಿಸಿ ಉಣ್ಣಿಸಬೇಕು. ಒಬ್ಬರಿಂದ ತಿಂಗಳುಗಟ್ಟಲೆ ಆಗುವ ಕೆಲಸವಲ್ಲ ಅದು.

ಏಜೆನ್ಸಿಯಿಂದ ಬರುವ ಹೋಮ್ ನರ್ಸ್‌ಗಳಲ್ಲಿ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಓದಿದವರು ಕಡಿಮೆ. ಸ್ನಾನ, ಊಟ, ಡೈಪರ್ ಅಷ್ಟೇ ಆದರೆ ಓದದಿದ್ದರೂ ನಡೆಯುತ್ತದೆ, ಸ್ವಭಾವ ಒಳ್ಳೆಯದಿರಬೇಕು. ಇನ್ಸುಲಿನ್, ಮೂಗಿನ ನಳಿಕೆಯ ಊಟ, ಗಾಯದ ಡ್ರೆಸಿಂಗ್ ಇದ್ದರೆ ತರಬೇತಿ ಪಡೆದವರೇ ಬೇಕು. ಏಜೆನ್ಸಿಯವರನ್ನು ಮೊದಲೇ ಕೇಳಿ: ಅವರು ರಜೆ ಹಾಕಿದರೆ ಬದಲಿ ಯಾರು? ಅಡ್ವಾನ್ಸ್ ವಾಪಸ್ ಬರುತ್ತಾ? ಆಧಾರ್ ಪ್ರತಿ, ಪೊಲೀಸ್ ಪರಿಶೀಲನೆ ಆಗಿದೆಯಾ? ಇಪ್ಪತ್ನಾಲ್ಕು ಗಂಟೆಗೂ ಒಬ್ಬರನ್ನೇ ಇಟ್ಟುಕೊಂಡರೆ ಅವರಿಗೂ ನಿದ್ದೆ ಬೇಕು ಅನ್ನುವುದು ಮರೆಯಬಾರದು. ರಾತ್ರಿ ಮನೆಯವರು, ಹಗಲು ಅವರು ಅಂತ ಹಂಚಿಕೊಂಡರೆ ಹೆಚ್ಚು ದಿನ ನಿಲ್ಲುತ್ತಾರೆ.

ವೃದ್ಧಾಶ್ರಮಕ್ಕೆ ಹೋಗಿ ನೋಡುವಾಗ ಕಚೇರಿಯಲ್ಲಿ ಕೂತು ಮಾತಾಡಿ ಬರಬೇಡಿ. ಸಂಜೆ ಐದರ ಹೊತ್ತಿಗೆ ಹೇಳದೆ ಹೋಗಿ. ಮೂತ್ರದ ವಾಸನೆ ಇದೆಯಾ, ಎಲ್ಲರೂ ಮಂಚದಲ್ಲೇ ಇದ್ದಾರಾ ಅಥವಾ ಹೊರಗೆ ಕೂತಿದ್ದಾರಾ ನೋಡಿ. ಹಾಸಿಗೆ ಹಿಡಿದರೆ ಇಟ್ಟುಕೊಳ್ಳುತ್ತೀರಾ ಅಂತ ಕೇಳಿ. ಬಹಳ ಕಡೆ ನಡೆಯುವವರನ್ನು ಮಾತ್ರ ಸೇರಿಸಿಕೊಳ್ಳುತ್ತಾರೆ. ಅದು ತಿಳಿಯದೆ ಸೇರಿಸಿದರೆ ಕಷ್ಟ ಬಂದಾಗಲೇ ವಾಪಸ್ ಕಳಿಸುತ್ತಾರೆ. ಆಶ್ರಮಗಳ ಮಾಹಿತಿಗೂ, ಕಿರುಕುಳದ ದೂರಿಗೂ ಹಿರಿಯರ ಸಹಾಯವಾಣಿ 14567 ಇದೆ.

ದುಡ್ಡಿನ ಲೆಕ್ಕ

ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಉಚಿತ. ಎಪಿಎಲ್ ಆದರೆ ಚಿಕಿತ್ಸೆಗೆ ಗೊತ್ತು ಮಾಡಿದ ಪ್ಯಾಕೇಜ್ ದರದ ಶೇ 30ನ್ನು ಸರ್ಕಾರ ಕೊಡುತ್ತದೆ, ವರ್ಷಕ್ಕೆ ಹೆಚ್ಚೆಂದರೆ 1.5 ಲಕ್ಷ. ತುರ್ತು ಬಿಟ್ಟರೆ ಖಾಸಗಿಗೆ ಹೋಗಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ಇದನ್ನು ತಿಳಿಯದೆ ನೇರ ಖಾಸಗಿಗೆ ಸೇರಿ ಆಮೇಲೆ ಕಾರ್ಡ್ ತೋರಿಸುವವರೇ ಜಾಸ್ತಿ. ಎಪ್ಪತ್ತು ದಾಟಿದ ಎಲ್ಲರಿಗೂ 5 ಲಕ್ಷ ಅಂತ ಕೇಂದ್ರ 2024ರ ಅಕ್ಟೋಬರ್‌ನಲ್ಲಿ ಕಾರ್ಡ್ ತಂದಿತು. ಅದನ್ನು ನಂಬಿ ಅಡ್ಮಿಟ್ ಆಗುವ ಮೊದಲು ಆ ಆಸ್ಪತ್ರೆಯಲ್ಲಿ ಯೋಜನೆಯ ಕೆಲಸ ನೋಡುವ ಆರೋಗ್ಯ ಮಿತ್ರರನ್ನು ಕೇಳಿ. ಸಹಕಾರ ಸಂಘದ ಸದಸ್ಯರಾದ ರೈತರಿಗೆ ಯಶಸ್ವಿನಿ ಆರೋಗ್ಯ ಯೋಜನೆ ಇದೆ, ವರ್ಷಾ ವರ್ಷಾ ನವೀಕರಿಸಬೇಕು.

ದಾವಣಗೆರೆಯಲ್ಲಿ ಯಾರೂ ಜಾಸ್ತಿ ಮಾತಾಡದ ಒಂದು ದಾರಿ ಇಎಸ್‌ಐ, ಅಂದರೆ ಕಾರ್ಮಿಕರ ಸರ್ಕಾರಿ ವಿಮೆ. ಇದು ಮಿಲ್ಲುಗಳ ಊರು. ಇಎಸ್‌ಐ ಕಟ್ಟುತ್ತಿದ್ದ ಕೆಲಸದಲ್ಲಿ ಕನಿಷ್ಠ ಐದು ವರ್ಷ ಇದ್ದು ನಿವೃತ್ತರಾದವರು ವರ್ಷಕ್ಕೆ 120 ರೂಪಾಯಿ ಕಟ್ಟಿದರೆ ತಮಗೂ ಹೆಂಡತಿಗೂ, ಅಥವಾ ಗಂಡನಿಗೂ, ಚಿಕಿತ್ಸೆ ಸಿಗುತ್ತದೆ. ಇಎಸ್‌ಐ ಆಸ್ಪತ್ರೆಯೂ ಊರಲ್ಲೇ ಇದೆ. ಅಪ್ಪನ ಹಳೆಯ ಇಎಸ್‌ಐ ನಂಬರ್ ಟ್ರಂಕಿನಲ್ಲಿ ಹುಡುಕಿ.

ಖಾಸಗಿ ವಿಮೆಗೆ 65ರ ವಯಸ್ಸಿನ ಮಿತಿ 2024ರಲ್ಲಿ ಹೋಯಿತು. ಆದರೆ ಈಗಾಗಲೇ ಇರುವ ಕಾಯಿಲೆಗೆ ಮೂರು ವರ್ಷದವರೆಗೆ ಕಾಯಿಸಬಹುದು, ಕಂತೂ ದುಬಾರಿ. ಎಪ್ಪತ್ತೆರಡಕ್ಕೆ ಹೊಸದಾಗಿ ಮಾಡಿಸುವುದಕ್ಕಿಂತ ಅದೇ ದುಡ್ಡನ್ನು ಅವರ ಹೆಸರಲ್ಲಿ ಆರ್‌ಡಿ ಕಟ್ಟುವುದು ಕೆಲವರಿಗೆ ಲೇಸು.

ಹೊಸ ಸಾಮಾನುಗಳಲ್ಲಿ ಯಾವುದು ಬೇಕು

ತೋಳಿಗೆ ಕಟ್ಟುವ ಬಿಪಿ ಮಷೀನ್ ತಗೊಳ್ಳಿ, ಮಣಿಕಟ್ಟಿನದು ಬೇಡ. ಸರ್ಕಾರದ ಇ-ಸಂಜೀವಿನಿಯಲ್ಲಿ ಮನೆಯಿಂದಲೇ ಡಾಕ್ಟರ ಹತ್ತಿರ ಉಚಿತವಾಗಿ ಮಾತಾಡಬಹುದು. ರಿಪೋರ್ಟ್ ತೋರಿಸಲು, ಮಾತ್ರೆಯ ಬಗ್ಗೆ ಕೇಳಲು ಒಳ್ಳೆಯದು, ಹೊಸದಾಗಿ ಶುರುವಾದ ಉಬ್ಬಸಕ್ಕೆ ಅಲ್ಲ. ಬಿದ್ದರೆ ಫೋನಿಗೆ ಸಂದೇಶ ಕಳಿಸುವ ವಾಚು, ಹತ್ತು ನಿಮಿಷದಲ್ಲಿ ಬಂದು ಎತ್ತುವವರು ಇದ್ದರೆ ಮಾತ್ರ ಉಪಯೋಗ. ಸಂದೇಶ ಬೆಂಗಳೂರಿನ ಮಗನಿಗೆ ಹೋಗಿ ಏನು ಮಾಡೋದು? ಪಕ್ಕದ ಮನೆಯವರ ನಂಬರ್ ಹಾಕಿಸಿ.

ವಾಚಿನ ದುಡ್ಡಿಗಿಂತ ಎಷ್ಟೋ ಕಡಿಮೆಯಲ್ಲಿ ಬಚ್ಚಲಿಗೆ ಸ್ಟೀಲ್ ಹಿಡಿಕೆ ಹಾಕಿಸಬಹುದು. ಟವೆಲ್ ರಾಡ್ ಅಲ್ಲ, ಅದು ಮೈಭಾರಕ್ಕೆ ಕಿತ್ತು ಬರುತ್ತದೆ. ಗೋಡೆಗೆ ಬೋಲ್ಟ್ ಹಾಕಿ ಬಿಗಿಸುವಂಥದ್ದೇ ಬೇಕು. ಎಷ್ಟು ಎತ್ತರಕ್ಕೆ ಅಂತ ಮೇಸ್ತ್ರಿ ತೀರ್ಮಾನ ಮಾಡುವುದು ಬೇಡ. ಅವ್ವನನ್ನೇ ಕಮೋಡ್ ಮೇಲೆ ಕೂರಿಸಿ, ಏಳುವಾಗ ಕೈ ಎಲ್ಲಿಗೆ ಹೋಗುತ್ತದೋ ಅಲ್ಲಿ ಪೆನ್ಸಿಲ್ ಗುರುತು ಹಾಕಿ ಮೇಸ್ತ್ರಿಗೆ ತೋರಿಸಿ.